ವಿಡಿಯೊ ಇದ್ದರೂ ಸುಮೊ ತೀರ್ಪುಗಳ ಬಗ್ಗೆ ಇಷ್ಟೊಂದು ವಾಗ್ವಾದ ಏಕೆ? ಪಂದ್ಯ ಶುರುವಾಯಿತೆಂದು ನಿರ್ಧರಿಸುವವರು ಯಾರು?

ನಿಮ್ಮ ಪ್ರಶ್ನೆಯಲ್ಲಿ ಎರಡು ಸಂದೇಹಗಳಿವೆ. ವಿಡಿಯೊ ನೋಡಿ ತೀರ್ಮಾನಿಸುವ ಸೌಲಭ್ಯವಿದ್ದರೂ ಸುಮೊ ಅಭಿಮಾನಿಗಳು ತೀರ್ಪುಗಳ ಬಗ್ಗೆ ಕಿತ್ತಾಡುವುದೇಕೆ ಎಂಬುದು ಒಂದು. ಯಾರೂ ಸೀಟಿ ಊದದ, ಗಂಟೆ ಬಾರಿಸದ ಈ ಆಟದಲ್ಲಿ ಮಲ್ಲರು ಎದ್ದು ನುಗ್ಗಿದ್ದು ಸರಿಯೋ ತಪ್ಪೋ ಎಂದು ಹೇಳುವವರು ಯಾರು ಎಂಬುದು ಇನ್ನೊಂದು. ಜಪಾನಿನ ವೃತ್ತಿಪರ ಸುಮೊವನ್ನು ಬಹುಕಾಲದಿಂದ ನೋಡುತ್ತ ಬಂದಿರುವ ನನಗೆ ಈ ಎರಡರ ಬೇರೂ ಒಂದೇ ಎನಿಸಿದೆ. ಪಂದ್ಯದ ಕೊನೆಯ ಕ್ಷಣವನ್ನು ಐವರು ತೀರ್ಪುಗಾರರು ಕಣದ ಸುತ್ತ ಕುಳಿತು ನೋಡುತ್ತಾರೆ, ಬೇಕಾದರೆ ಕ್ಯಾಮೆರಾದ ಸಾಕ್ಷಿಯನ್ನೂ ಕೇಳುತ್ತಾರೆ. ಮೊದಲ ಕ್ಷಣಕ್ಕೆ ಆ ಭಾಗ್ಯವಿಲ್ಲ. ಜನರ ಸಿಟ್ಟು ಹೆಚ್ಚಾಗಿ ತಿರುಗುವುದು ಕೊನೆಯ ತೀರ್ಪಿನ ಮೇಲೆ. ಆದರೆ ಅನ್ಯಾಯಕ್ಕೆ ಹೆಚ್ಚು ಅವಕಾಶವಿರುವುದು ಆರಂಭದಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಕೊನೆಯ ವಿಷಯವನ್ನೇ ತೆಗೆದುಕೊಳ್ಳೋಣ. ದೊಹ್ಯೊ ಎಂದು ಕರೆಯುವ ಕಣದ ವೃತ್ತದ ವ್ಯಾಸ 4.55 ಮೀಟರ್. ಅದರ ಅಂಚಿಗೆ ಭತ್ತದ ಹುಲ್ಲಿನಲ್ಲಿ ಕಟ್ಟಿದ ಉದ್ದನೆಯ ಮಣ್ಣಿನ ಕಟ್ಟುಗಳನ್ನು ಅರ್ಧ ಹೂತಿರುತ್ತಾರೆ. ಪಾದದ ಅಡಿಭಾಗದ ಹೊರತು ದೇಹದ ಯಾವುದೇ ಅಂಗ ನೆಲ ಮುಟ್ಟಿದವರು, ಇಲ್ಲವೇ ಮೊದಲು ವೃತ್ತದಾಚೆ ಕಾಲಿಟ್ಟವರು ಸೋತಂತೆ. ಕಣದೊಳಗೆ ಇರುವ ತೀರ್ಪುಗಾರನಿಗೆ ಗ್ಯೋಜಿ ಎಂದು ಹೆಸರು. ಪಂದ್ಯ ಮುಗಿದ ಮರುಕ್ಷಣವೇ ಆತ ಕೈಯಲ್ಲಿರುವ ಬೀಸಣಿಗೆಯನ್ನು ಗೆದ್ದವನ ದಿಕ್ಕಿಗೆ ತೋರಿಸಬೇಕು. ‘ನನಗೆ ಕಾಣಲಿಲ್ಲ’ ಎನ್ನುವ, ‘ಇಬ್ಬರೂ ಸಮ’ ಎನ್ನುವ ಸ್ವಾತಂತ್ರ್ಯ ಆತನಿಗಿಲ್ಲ. ಇಬ್ಬರು ಒಟ್ಟಿಗೇ ಗಾಳಿಯಲ್ಲಿ ಹಾರಿ ಬಿದ್ದರೂ ಬೀಸಣಿಗೆ ಒಂದು ಕಡೆಗೆ ಏಳಲೇಬೇಕು. ಅತ್ಯುನ್ನತ ದರ್ಜೆಯ ಗ್ಯೋಜಿಗಳು ಸೊಂಟದಲ್ಲಿ ಒಂದು ಕಿರುಗತ್ತಿಯನ್ನು ಧರಿಸುತ್ತಾರೆ. ತೀರ್ಪು ತಪ್ಪಿದರೆ ಪ್ರಾಣವನ್ನೇ ಒಪ್ಪಿಸುತ್ತೇನೆ ಎಂಬ ಹಳೆಯ ಕಾಲದ ಪಣದ ಗುರುತು ಅದು. ಇಂದಿಗೂ ಅವರ ತೀರ್ಪು ತಿರುವುಮುರುವಾದರೆ ಸುಮೊ ಸಂಘದ ಅಧ್ಯಕ್ಷರ ಬಳಿ ಹೋಗಿ ರಾಜೀನಾಮೆಯ ಮಾತೆತ್ತುವ ಪದ್ಧತಿಯಿದೆ, ಸಾಮಾನ್ಯವಾಗಿ ಅದನ್ನು ಒಪ್ಪಿಕೊಳ್ಳುವುದಿಲ್ಲ.

ಕಣದ ಕೆಳಗೆ ಕಪ್ಪು ನಿಲುವಂಗಿ ತೊಟ್ಟು ಕುಳಿತಿರುವ ಐವರೂ ನಿವೃತ್ತ ಮಲ್ಲರೇ. ಅವರಲ್ಲಿ ಯಾರಿಗೇ ಅನುಮಾನ ಬಂದರೂ ಕೈ ಎತ್ತಿದರೆ ಸಾಕು, ಐವರೂ ಮೇಲೆ ಹತ್ತಿ ಚರ್ಚಿಸುತ್ತಾರೆ. ಇದಕ್ಕೆ ಮೊನೊಇ ಎನ್ನುತ್ತಾರೆ. ಮುಖ್ಯಸ್ಥರ ಕಿವಿಯಲ್ಲಿರುವ ಸಾಧನದ ಮೂಲಕ ವಿಡಿಯೊ ಕೊಠಡಿಯ ಅಭಿಪ್ರಾಯವೂ ಬರುತ್ತದೆ. ಗ್ಯೋಜಿ ತಾನು ಕಂಡದ್ದನ್ನು ಹೇಳಬಹುದು, ಆದರೆ ಆತನಿಗೆ ಮತವಿಲ್ಲ. ಬೀಸಣಿಗೆಯ ತೀರ್ಪನ್ನು ಎತ್ತಿಹಿಡಿಯುವುದು, ತಿರುಗಿಸುವುದು, ಅಥವಾ ಇಬ್ಬರೂ ಒಟ್ಟಿಗೇ ಬಿದ್ದರೆಂದು ಪಂದ್ಯವನ್ನು ಮತ್ತೆ ಆಡಿಸುವುದು, ಈ ಮೂರರಲ್ಲೊಂದು ತೀರ್ಮಾನವಾಗುತ್ತದೆ.

ವಿಡಿಯೊ ಬಂದದ್ದೇ ಒಂದು ದೊಡ್ಡ ತಪ್ಪಿನ ಬೆನ್ನಿಗೆ. 1969ರ ಮಾರ್ಚ್‌ನಲ್ಲಿ ಒಸಾಕಾ ಪಂದ್ಯಾವಳಿಯ ಎರಡನೆಯ ದಿನ, ಸತತ 45 ಪಂದ್ಯಗಳನ್ನು ಗೆದ್ದು ಬಂದಿದ್ದ, ಸುಮೊದ ಅತ್ಯುನ್ನತ ದರ್ಜೆಯಾದ ಯೊಕೊಜುನಾ ಪದವಿಯ ತೈಹೊ ಅವರು ತೊದಾ ಎಂಬ ಮಲ್ಲನ ವಿರುದ್ಧ ಕಣಕ್ಕಿಳಿದರು. ಗ್ಯೋಜಿ ತೈಹೊ ಗೆದ್ದರೆಂದರು. ಕೆಳಗಿನವರು ಮೊನೊಇ ಎತ್ತಿ ತೀರ್ಪನ್ನು ತೊದಾ ಕಡೆಗೆ ತಿರುಗಿಸಿದರು. ಆದರೆ ಛಾಯಾಚಿತ್ರಗಳಲ್ಲಿ ಮೊದಲು ಹೊರಗೆ ಬಿದ್ದದ್ದು ತೊದಾ ಅವರ ಪಾದ ಎಂಬುದು ಎದ್ದು ಕಾಣುತ್ತಿತ್ತು. ಗ್ಯೋಜಿಯ ಕಣ್ಣು ಸರಿಯಾಗಿ ಕಂಡದ್ದನ್ನು ಐವರು ಸೇರಿ ಕೆಡಿಸಿದ್ದರು. ಅಂಥ ಅನುಮಾನಕ್ಕೆ ಎಡೆಕೊಡುವ ಹಾಗೆ ಆಡಿದ ತಪ್ಪು ತನ್ನದೇ ಎಂದು ತೈಹೊ ಹೇಳಿದ್ದನ್ನು ಜಪಾನಿನಲ್ಲಿ ಈಗಲೂ ನೆನೆಯುತ್ತಾರೆ. ಅದೇ ವರ್ಷದ ಮೇ ಪಂದ್ಯಾವಳಿಯಿಂದ ವಿಡಿಯೊ ಜಾರಿಗೆ ಬಂತು.

ಹಾಗಿದ್ದರೆ ಜಗಳ ಅಲ್ಲಿಗೇ ಮುಗಿಯಬೇಕಿತ್ತಲ್ಲವೇ? ಮುಗಿಯಲಿಲ್ಲ, ಏಕೆಂದರೆ ಕ್ಯಾಮೆರಾ ಉತ್ತರಿಸಬಲ್ಲ ಪ್ರಶ್ನೆ ‘ಯಾವುದು ಮೊದಲು ನೆಲ ಮುಟ್ಟಿತು’ ಎಂಬುದಷ್ಟೇ. ಸುಮೊ ನಿಯಮ ಅದಕ್ಕಿಂತ ಹೆಚ್ಚಿನದನ್ನು ಕೇಳುತ್ತದೆ. ಎದುರಾಳಿಯ ದೇಹ ಸಮತೋಲವನ್ನು ಪೂರ್ತಿ ಕಳೆದುಕೊಂಡು ಇನ್ನು ಚೇತರಿಸಿಕೊಳ್ಳಲಾಗದ ಸ್ಥಿತಿಗೆ ತಲುಪಿದ್ದರೆ ಅದನ್ನು ‘ಸತ್ತ ದೇಹ’ ಎಂದು ಪರಿಗಣಿಸುತ್ತಾರೆ. ಆಗ ಮೇಲಿರುವವನು ಎದುರಾಳಿಗೆ ಪೆಟ್ಟಾಗದಿರಲೆಂದು ತನ್ನ ಕೈಯನ್ನು ಮೊದಲೇ ನೆಲಕ್ಕೆ ಊರಿದರೂ ಅವನು ಸೋತಂತಲ್ಲ. 1972ರ ಜನವರಿಯಲ್ಲಿ ಯೊಕೊಜುನಾ ಕಿತಾನೊಫುಜಿ ಮತ್ತು ತಕಾನೊಹಾನಾ ನಡುವಿನ ಪಂದ್ಯದಲ್ಲಿ ಆದದ್ದು ಇದೇ. ವೃತ್ತದ ಅಂಚಿನಲ್ಲಿ ತಕಾನೊಹಾನಾ ಬಿಲ್ಲಿನಂತೆ ಹಿಂದಕ್ಕೆ ಬಾಗಿದರು, ಮೇಲಿಂದ ಬೀಳುತ್ತಿದ್ದ ಕಿತಾನೊಫುಜಿಯವರ ಬಲಗೈ ಮೊದಲು ನೆಲ ಮುಟ್ಟಿತು. ಗ್ಯೋಜಿ ತಕಾನೊಹಾನಾ ಕಡೆಗೆ ಬೀಸಣಿಗೆ ತೋರಿಸಿದರು. ಚರ್ಚೆಯ ನಂತರ ಅದು ಎದುರಾಳಿಯನ್ನು ಕಾಪಾಡಲು ಊರಿದ ಕೈ ಎಂದು ಗೆಲುವನ್ನು ಕಿತಾನೊಫುಜಿಗೆ ಕೊಟ್ಟರು. ಬಾಗಿದ ಆ ದೇಹ ಸತ್ತಿತ್ತೇ, ಇನ್ನೂ ಜೀವಂತವಾಗಿತ್ತೇ? ತಕಾನೊಹಾನಾ ಅವರ ಸೊಂಟದ ಬಲವನ್ನು ಬಲ್ಲವರು ಈಗಲೂ ಜೀವಂತವಾಗಿತ್ತೆಂದೇ ವಾದಿಸುತ್ತಾರೆ. ಎಷ್ಟು ಬಾರಿ ನಿಧಾನಗತಿಯಲ್ಲಿ ನೋಡಿದರೂ ಇದಕ್ಕೆ ಚಿತ್ರದಲ್ಲಿ ಉತ್ತರ ಸಿಗುವುದಿಲ್ಲ. ಇದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಯಾರು ಪಂದ್ಯವನ್ನು ನಡೆಸುತ್ತಿದ್ದರು ಎಂಬ ಪ್ರಶ್ನೆಯನ್ನು ತೀರ್ಪಿನೊಳಗೆ ಉಳಿಸಿಕೊಂಡಿರುವುದರಿಂದಲೇ ಸುಮೊ ಬರೀ ಗೆರೆ ದಾಟುವ ಆಟವಾಗಿಲ್ಲ.

ನನಗೆ ದೋಷವೆನಿಸುವುದು ವಿವರಣೆಯ ಕೊರತೆ. 2019ರ ಮೇ ಪಂದ್ಯಾವಳಿಯ 13ನೆಯ ದಿನ ಜಾರ್ಜಿಯಾ ದೇಶದ ತೊಚಿನೊಶಿನ್ ಅವರಿಗೆ ಯೊಕೊಜುನಾದ ಕೆಳಗಿನ ದರ್ಜೆಯಾದ ಒಜೆಕಿ ಪದವಿಯನ್ನು ಮರಳಿ ಪಡೆಯಲು ಇನ್ನೊಂದೇ ಗೆಲುವು ಬೇಕಿತ್ತು. ಎದುರಾಳಿ ಅಸಾನೊಯಾಮಾ ತೊಚಿನೊಶಿನ್‌ರನ್ನು ಅಂಚಿನವರೆಗೂ ದೂಡಿಕೊಂಡು ಬಂದರು. ತೊಚಿನೊಶಿನ್ ಹುಲ್ಲಿನ ಕಟ್ಟಿನ ಮೇಲೆ ಕಾಲೂರಿ ಕೊನೆಗಳಿಗೆಯಲ್ಲಿ ಎದುರಾಳಿಯನ್ನು ಎತ್ತಿ ಹಾಕಿದರು, ಬೀಸಣಿಗೆ ಅವರ ಕಡೆಗೇ ಎದ್ದಿತು. ವೃತ್ತದ ಹೊರಗೆ ಸುಮಾರು ಒಂದು ಗೇಣು ಅಗಲಕ್ಕೆ ನುಣುಪಾದ ಮರಳನ್ನು ಹರಡಿ ಪೊರಕೆಯಿಂದ ಗುಡಿಸಿಟ್ಟಿರುತ್ತಾರೆ. ಹಿಮ್ಮಡಿ ತಾಗಿದರೆ ಅದರಲ್ಲಿ ಗುರುತು ಮೂಡಬೇಕು. ದೀರ್ಘ ಚರ್ಚೆಯ ಬಳಿಕ, ಹಿಮ್ಮಡಿ ಮೊದಲೇ ಹೊರಗೆ ತಾಗಿತ್ತೆಂದು ತೀರ್ಪನ್ನು ಅಸಾನೊಯಾಮಾ ಪರವಾಗಿ ತಿರುಗಿಸಿದರು. ಟಿವಿಯ ನಿಧಾನಗತಿಯ ಚಿತ್ರದಲ್ಲಿ ಆ ಹಿಮ್ಮಡಿ ಮರಳಿನ ಮೇಲೆ ತೂಗಾಡುತ್ತಿದ್ದಂತೆ ನನಗೆ ಕಂಡಿತು, ತಾಗಿದ್ದು ಕಾಣಲಿಲ್ಲ. ಕ್ರಿಕೆಟ್ಟಿನಲ್ಲಿ ಮೈದಾನದ ಅಂಪೈರ್ ಕೊಟ್ಟ ತೀರ್ಪನ್ನು ಬದಲಿಸಲು ಮೂರನೆಯ ಅಂಪೈರ್‌ಗೆ ಖಚಿತ ಪುರಾವೆ ಬೇಕು, ಇಲ್ಲದಿದ್ದರೆ ಮೊದಲ ತೀರ್ಪೇ ನಿಲ್ಲುತ್ತದೆ. ಸುಮೊದಲ್ಲಿ ಹತ್ತಿರ ಕುಳಿತ ಒಬ್ಬ ತೀರ್ಪುಗಾರ ಬರಿಗಣ್ಣಿನಿಂದ ಕಂಡೆನೆಂದರೂ ಬೀಸಣಿಗೆಯ ತೀರ್ಪು ಬೀಳಬಹುದು. ಆ ಪದ್ಧತಿಯನ್ನು ಬೇಕಾದರೆ ಒಪ್ಪಿಕೊಳ್ಳೋಣ. ಆದರೆ ಯಾರು ಏನನ್ನು ಕಂಡರು, ವಿಡಿಯೊ ಕೊಠಡಿ ಏನೆಂದಿತು ಎಂಬುದನ್ನು ಸಭಾಂಗಣದಲ್ಲಿ ಕುಳಿತವರಿಗೆ ಎರಡು ವಾಕ್ಯ ಹೆಚ್ಚಾಗಿ ಹೇಳುವುದರಿಂದ ಯಾರ ಗೌರವವೂ ಕುಗ್ಗುವುದಿಲ್ಲ.

ಇನ್ನು ಆರಂಭದ ವಿಷಯ. ಕಣದ ನಡುವೆ 70 ಸೆಂಟಿಮೀಟರ್ ಅಂತರದಲ್ಲಿ ಎರಡು ಬಿಳಿ ಗೆರೆಗಳಿವೆ. ರೇಡಿಯೊ ಪ್ರಸಾರ ಶುರುವಾದ 1928ರಲ್ಲಿ ಆ ಗೆರೆಗಳೂ ಸಿದ್ಧತೆಗೆ ಸಮಯದ ಮಿತಿಯೂ ಬಂದವು; ಈಗ ಮೇಲಿನ ವಿಭಾಗದಲ್ಲಿ ಆ ಮಿತಿ 4 ನಿಮಿಷ. ಸಮಯ ಮುಗಿದೊಡನೆ ‘ಕೈ ಊರಿ, ಇನ್ನು ತಡೆಯಿಲ್ಲ’ ಎಂದು ಗ್ಯೋಜಿ ಎಚ್ಚರಿಸುತ್ತಾರೆಯೇ ಹೊರತು ‘ಹೊರಡಿ’ ಎನ್ನುವುದಿಲ್ಲ. ಇಬ್ಬರು ಮಲ್ಲರೂ ಉಸಿರನ್ನು ಹೊಂದಿಸಿಕೊಂಡು, ಎರಡೂ ಕೈಗಳನ್ನು ನೆಲಕ್ಕೆ ತಾಗಿಸಿ, ತಾವಾಗಿಯೇ ಒಂದೇ ಕ್ಷಣದಲ್ಲಿ ಮೇಲೇಳಬೇಕು. ಈ ಮೊದಲ ಡಿಕ್ಕಿಗೆ ತಾಚಿಆಯ್ ಎಂದು ಹೆಸರು. ಮೇಲಿನ ವಿಭಾಗದವರ ಸರಾಸರಿ ತೂಕ 160 ಕಿಲೊ ಆಸುಪಾಸಿನಲ್ಲಿದ್ದು, ಬಹುಪಾಲು ಪಂದ್ಯಗಳು ಕೆಲವೇ ಸೆಕೆಂಡುಗಳಲ್ಲಿ ಮುಗಿಯುವುದರಿಂದ, ಕಣ್ಣೆವೆ ಮಿಟುಕುವಷ್ಟು ಮೊದಲೆದ್ದವರಿಗೆ ಅರ್ಧ ಗೆಲುವು ಅಲ್ಲೇ ಸಿಕ್ಕಿಬಿಡುತ್ತದೆ.

ಹಾಗಾಗಿ ನೀವು ನೋಡಬೇಕಾದದ್ದು ಕೈಗಳನ್ನು. ಒಬ್ಬರು ಎರಡೂ ಕೈ ಊರಿ ಕಾಯುತ್ತಿರುತ್ತಾರೆ. ಇನ್ನೊಬ್ಬರು ಒಂದು ಕೈ ಊರಿ, ಮತ್ತೊಂದನ್ನು ಮರಳಿನ ಮೇಲೆ ಸವರಿದ ಹಾಗೆ ಮಾಡಿ ಅದೇ ಓಘದಲ್ಲಿ ನುಗ್ಗುತ್ತಾರೆ. ಕೊನೆಯ ಕೈ ಯಾರದೋ ಹೊರಡುವ ಕ್ಷಣವೂ ಅವರದೇ. ಸವರಿದ ಆ ಕೈ ನಿಜವಾಗಿ ನೆಲ ಮುಟ್ಟಿತೇ ಎಂಬುದೇ ಅಭಿಮಾನಿಗಳ ಅರ್ಧ ವಾದಗಳ ಮೂಲ. ಆದರೆ ಎದುರಾಳಿಯ ನಂತರ ಎದ್ದೂ ಗೆಲ್ಲುವ ಕಲೆ ಇದೆ. 1936ರಿಂದ 1939ರವರೆಗೆ ಸತತ 69 ಪಂದ್ಯಗಳನ್ನು ಗೆದ್ದ ಫುತಾಬಾಯಾಮಾ ಅದಕ್ಕೇ ಹೆಸರಾದವರು: ಎದುರಾಳಿ ಎದ್ದದ್ದನ್ನು ಕಂಡು ತಾವು ಎದ್ದರೂ, ಮೈಗೆ ಮೈ ತಾಗುವ ಹೊತ್ತಿಗೆ ಒಳ್ಳೆಯ ಹಿಡಿತ ಅವರ ಕೈಯಲ್ಲೇ ಇರುತ್ತಿತ್ತು.

ಹೊಂದಾಣಿಕೆಯಿಲ್ಲದೆ ಒಬ್ಬರು ಮೊದಲೆದ್ದರೆ ಅದು ಮತ್ತಾ, ಅಂದರೆ ತಪ್ಪು ಆರಂಭ. ಗ್ಯೋಜಿಯೋ ಮುಖ್ಯ ತೀರ್ಪುಗಾರರೋ ಆ ಕ್ಷಣವೇ ತಡೆದರೆ ಸರಿ. ತಡೆಯದಿದ್ದರೆ ಪಂದ್ಯ ನಡೆದಂತೆಯೇ ಲೆಕ್ಕ. 2017ರ ನವೆಂಬರ್‌ನಲ್ಲಿ ಫುಕುಒಕಾದಲ್ಲಿ 11ನೆಯ ದಿನ ಯೊಕೊಜುನಾ ಹಕುಹೊ, ಯೊಶಿಕಜೆ ವಿರುದ್ಧ ಎದ್ದವರು, ಆರಂಭ ಸರಿಯಾಗಲಿಲ್ಲವೆಂದು ಭಾವಿಸಿ ನಡುವೆಯೇ ಮೈ ಸಡಿಲಿಸಿದರು. ಗ್ಯೋಜಿ ತಡೆದಿರಲಿಲ್ಲ. ಯೊಶಿಕಜೆ ಹಕುಹೊರನ್ನು ಹೊರಗೆ ದೂಡಿದರು. ಹಕುಹೊ ಕಣದ ಕೆಳಗೇ ನಿಂತು ಬಲಗೈ ಎತ್ತಿ ಮೊನೊಇ ಬೇಕೆಂದು ಒತ್ತಾಯಿಸಿದರು. ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ವಂದಿಸಲು ಮೇಲೇರಲೇ ಇಲ್ಲ. ಆಡಿದ ಮಲ್ಲನಿಗೆ ಆ ಹಕ್ಕಿಲ್ಲ, ಹಾಗೆ ನಿಂತದ್ದು ತಪ್ಪು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅವರ ದೂರಿಗೆ ದಾರಿಯೇ ಇರಲಿಲ್ಲ ಎಂಬುದನ್ನೂ ಮರೆಯಬಾರದು. ಇದೇ ಹಕುಹೊ 2015ರ ಜನವರಿಯಲ್ಲಿ 33ನೆಯ ಪ್ರಶಸ್ತಿ ಗೆದ್ದು ತೈಹೊ ಅವರ ದಾಖಲೆಯನ್ನು ಮುರಿದ ಪಂದ್ಯಾವಳಿ ಮುಗಿದ ಮರುದಿನ, ಕಿಸೆನೊಸಾತೊ ಜೊತೆಗಿನ ಪಂದ್ಯವನ್ನು ಮತ್ತೆ ಆಡಿಸಿದ್ದಕ್ಕೆ ತೀರ್ಪುಗಾರರನ್ನು ಬಹಿರಂಗವಾಗಿ ಟೀಕಿಸಿದ್ದರು. ಅದು ಐವರು ಚರ್ಚಿಸಿ ಕೊಟ್ಟ ತೀರ್ಪಾಗಿದ್ದರಿಂದ ನನಗೆ ಆ ಟೀಕೆ ಒಪ್ಪಿಗೆಯಾಗಲಿಲ್ಲ. 2017ರದ್ದು ಹಾಗಲ್ಲ.

ಹಾಗಾದರೆ ಆರಂಭವನ್ನೂ ವಿಡಿಯೊದಲ್ಲಿ ನೋಡಿ ಮತ್ತೆ ಆಡಿಸಬಾರದೇ ಎಂದು ಕೇಳುವವರಿದ್ದಾರೆ. ನನ್ನ ಉತ್ತರ ಬೇಡ ಎಂದೇ. ಪ್ರತಿ ಮರು ಆರಂಭವೂ ತಲೆಗೆ ತಲೆ ಬಡಿಯುವ ಇನ್ನೊಂದು ಡಿಕ್ಕಿ. 2021ರ ಜನವರಿಯಲ್ಲಿ ತಪ್ಪು ಆರಂಭವೊಂದರಲ್ಲೇ ತಲೆಗೆ ಪೆಟ್ಟು ಬಿದ್ದು ತೂರಾಡುತ್ತಿದ್ದ ಮಲ್ಲನೊಬ್ಬನನ್ನು ಮತ್ತೆ ಆಡಲು ಬಿಟ್ಟದ್ದು ದೊಡ್ಡ ಟೀಕೆಗೆ ಗುರಿಯಾಗಿ, ಅಂಥ ಸ್ಥಿತಿಯಲ್ಲಿ ಪಂದ್ಯವನ್ನು ನಿಲ್ಲಿಸುವಂತೆ ನಿಯಮವನ್ನೇ ತಿದ್ದಬೇಕಾಯಿತು. ಬೇಕಾಗಿರುವುದು ಎಲ್ಲ ದಿನವೂ, ಎಲ್ಲ ದರ್ಜೆಯವರಿಗೂ ಒಂದೇ ಅಳತೆಯಲ್ಲಿ ಕೈಗಳನ್ನು ನೋಡುವ ಶಿಸ್ತು. 1991ರಲ್ಲಿ ಮತ್ತಾ ಮಾಡಿದ ಮೇಲಿನ ವಿಭಾಗದ ಮಲ್ಲರಿಗೆ 1 ಲಕ್ಷ ಯೆನ್ ದಂಡ ಹಾಕುವ ಕ್ರಮ ತಂದು, ಕೆಲವು ವರ್ಷಗಳ ಬಳಿಕ ಕೈಬಿಟ್ಟರು. ಕಟ್ಟುನಿಟ್ಟು ಹೀಗೆ ಬರುತ್ತದೆ, ಸಡಿಲವಾಗುತ್ತದೆ. ಇವತ್ತು ಬಿಟ್ಟದ್ದನ್ನು ನಾಳೆ ಹಿಡಿದರೆ ಮಲ್ಲರು ಯಾವುದನ್ನು ನಂಬಬೇಕು?

ಆರಂಭದಲ್ಲೇ ಪಕ್ಕಕ್ಕೆ ಸರಿದು ಗೆದ್ದವರನ್ನು ಜನ ಬೈಯುವುದೇಕೆ ಎಂಬ ಪ್ರಶ್ನೆಯೂ ಇಲ್ಲಿ ಏಳುತ್ತದೆ. ಹೆಂಕಾ ಎನ್ನುವ ಆ ವರಸೆಗೆ ನಿಯಮದ ಅಡ್ಡಿಯಿಲ್ಲ. ಚಿಕ್ಕ ಮೈಕಟ್ಟಿನವರು ಅದನ್ನು ಬಳಸಿದರೆ ಚಪ್ಪಾಳೆಯೂ ಸಿಗುತ್ತದೆ. ಯೊಕೊಜುನಾ ಮಾತ್ರ ಎದುರಾಳಿಯನ್ನು ಎದೆಯೊಡ್ಡಿ ಸ್ವೀಕರಿಸಬೇಕೆಂಬುದು ಜನರ ನಿರೀಕ್ಷೆ. 2016ರ ಮಾರ್ಚ್‌ನಲ್ಲಿ ಒಸಾಕಾದಲ್ಲಿ ಕೊನೆಯ ದಿನ ಹಕುಹೊ ಪಕ್ಕಕ್ಕೆ ಸರಿದು ಹರುಮಾಫುಜಿಯವರನ್ನು ಸೋಲಿಸಿ 36ನೆಯ ಪ್ರಶಸ್ತಿ ಗೆದ್ದಾಗ ಸಭಾಂಗಣವೇ ಕೂಗಾಡಿತು. ಅಲ್ಲೇ ನಡೆದ ಸಂದರ್ಶನದಲ್ಲಿ ಅವರು ಕಣ್ಣೀರಿಟ್ಟರು. ಮರುವರ್ಷ ಅದೇ ಊರಿನಲ್ಲಿ ತೆರುನೊಫುಜಿ ಹೆಂಕಾದಿಂದ ಕೊತೊಶೋಗಿಕು ಅವರನ್ನು ಕೆಡವಿದಾಗ, ಮಂಗೋಲಿಯಾಕ್ಕೆ ವಾಪಸು ಹೋಗು ಎಂಬ ಕೂಗೂ ಕೇಳಿಬಂತು. ಆಟದ ಬಗ್ಗೆ ಎಷ್ಟು ಬೇಕಾದರೂ ವಾದಿಸಲಿ, ಆದರೆ ಹುಟ್ಟಿದ ನಾಡನ್ನು ಎಳೆದು ತರುವ ಅಂಥ ಮಾತು ಯಾವ ಕಣದಲ್ಲೂ ಸಲ್ಲದು. ಹಿಮ್ಮಡಿಯ ತೀರ್ಪಿನಿಂದ ಗೆಲುವು ಕಳೆದುಕೊಂಡ ತೊಚಿನೊಶಿನ್ ಮರುದಿನ ಯೊಕೊಜುನಾ ಕಾಕುರ್ಯು ವಿರುದ್ಧ ಹೆಂಕಾ ಮಾಡಿಯೇ ತಮ್ಮ ಹತ್ತನೆಯ ಗೆಲುವನ್ನು, ಅದರೊಡನೆ ಒಜೆಕಿ ಪದವಿಯನ್ನು ಪಡೆದರು. ಹಿಂದಿನ ದಿನದ ಆ ಚರ್ಚೆಯನ್ನು ನೋಡಿದ್ದ ನನಗೆ ಅವರನ್ನು ದೂಷಿಸಲು ಮನಸ್ಸು ಬರಲಿಲ್ಲ.

ಪಂದ್ಯಾವಳಿಗಳು ಜನವರಿಯಿಂದ ಒಂದು ತಿಂಗಳು ಬಿಟ್ಟು ಒಂದು ತಿಂಗಳಂತೆ ವರ್ಷಕ್ಕೆ ಆರು ಬಾರಿ, 15 ದಿನಗಳಂತೆ ನಡೆಯುತ್ತವೆ. ಮೇಲಿನ ವಿಭಾಗದ ಪಂದ್ಯಗಳು ನಮ್ಮ ಗಡಿಯಾರದಲ್ಲಿ ಸುಮಾರು ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆಯ ಒಳಗೆ ಬರುತ್ತವೆ. ಮರುಪ್ರಸಾರದಲ್ಲಿ ಪಂದ್ಯದ ಕೊನೆಯನ್ನು ಎಲ್ಲರೂ ತೋರಿಸುತ್ತಾರೆ, ಆರಂಭವನ್ನು ಪ್ರತಿ ಬಾರಿಯೂ ತೋರಿಸುವುದಿಲ್ಲ. ಆದ್ದರಿಂದ ನೇರ ಪ್ರಸಾರದಲ್ಲೇ ಬಿಳಿ ಗೆರೆಗಳ ಬಳಿ ಕಣ್ಣಿಟ್ಟು, ಕೊನೆಯ ಕೈ ಯಾರದು, ಅದು ಮರಳನ್ನು ಮುಟ್ಟಿತೇ ಎಂಬುದನ್ನು ಮೊದಲು ನೋಡಿಕೊಂಡು ಮುಂದಿನದನ್ನು ನೋಡಿ.