ಓದುಗರ ಪ್ರಶ್ನೆ: ಯಾರೂ ತಡೆಯದಿದ್ದರೂ ಅಸಮಾನತೆ ಹೇಗೆ?

ಪ್ರಶ್ನೆ: ಇಬ್ಬರೂ ದುಡಿಯುತ್ತೇವೆ. ಹೆಂಡತಿಗೆ ನಾನು ಯಾವುದನ್ನೂ ಬೇಡ ಎಂದಿಲ್ಲ. ಆದರೂ ಮನೆಯಲ್ಲಿ ಅಸಮಾನತೆ ಇದೆ ಅನ್ನುತ್ತಾಳೆ. ಎಲ್ಲಿದೆ?

ಉತ್ತರ: ‘ಬೇಡ’ ಅನ್ನುವುದು ಅಧಿಕಾರದ ಒಂದು ಮುಖವಷ್ಟೆ. ಸಮಾಜಶಾಸ್ತ್ರಜ್ಞ ಸ್ಟೀವನ್ ಲ್ಯೂಕ್ಸ್ 1974ರಲ್ಲಿ ಮೂರು ಮುಖಗಳನ್ನು ವಿವರಿಸಿದರು: ವಾದ ಬಂದಾಗ ಯಾರ ಮಾತು ನಡೆಯುತ್ತದೆ, ಯಾವ ವಿಷಯ ಮಾತಿಗೇ ಬಾರದೆ ಉಳಿಯುತ್ತದೆ, ಯಾವುದನ್ನು ಕೇಳಬೇಕೆಂದು ಅನಿಸುವುದೇ ಇಲ್ಲ. ಸಂಸ್ಕೃತಿಯ ಕೈವಾಡ ಹೆಚ್ಚಾಗಿ ಈ ಮೂರನೆಯದರಲ್ಲಿ.

ನಿಮ್ಮ ಮನೆಯಲ್ಲಿ ಅದು ಎಲ್ಲಿದೆ ಎಂದು ತಿಳಿಯಲು ಅಂದಾಜು ಬೇಡ, ಇಬ್ಬರ ಹೊತ್ತು ಯಾವ ಕೆಲಸಕ್ಕೆ ಹೋಗುತ್ತದೆ ಎಂದು ಲೆಕ್ಕ ಬರೆಯಿರಿ. ಏಳು ದಿನ, 15 ನಿಮಿಷಕ್ಕೊಂದರಂತೆ ದಿನಕ್ಕೆ 96 ಸಾಲು, ಇಬ್ಬರಿಗೂ ಬೇರೆ ಬೇರೆ ಪುಸ್ತಕ. (ಅವರ ಪುಸ್ತಕವನ್ನು ನೀವು ತುಂಬಬೇಡಿ!) ಮೂರು ಕಾಲಂ ಇರಲಿ: ಮುಖ್ಯ ಕೆಲಸ, ಅದರ ಜೊತೆಗೇ ನಡೆದ ಕೆಲಸ, ಅದನ್ನು ನೆನಪಿಸಿದವರು ಯಾರು. ಎರಡನೆಯದನ್ನು ಬಿಟ್ಟರೆ, ಅಡುಗೆ ಮಾಡುತ್ತಲೇ ಮಗುವಿನ ಮೇಲೆ ಕಣ್ಣಿಟ್ಟ ಹೊತ್ತು ಲೆಕ್ಕದಿಂದ ಜಾರುತ್ತದೆ. ರಾತ್ರಿ ಒಟ್ಟಿಗೆ ಬರೆದರೆ ಸಣ್ಣ ಕೆಲಸಗಳು ಮರೆತುಹೋಗುತ್ತವೆ. ಮೂರು ನಾಲ್ಕು ಗಂಟೆಗೊಮ್ಮೆ ತುಂಬಿ.

ಗಂಡಸರು ಸಿಕ್ಕಿಬೀಳುವುದು ಮೂರನೇ ಕಾಲಂನಲ್ಲಿ. ಕೆಲಸ ಮಾಡಿರುತ್ತಾರೆ, ಆದರೆ ಹೇಳಿಸಿಕೊಂಡು. ಆದ್ದರಿಂದ ಬಿಡಿ ಕೆಲಸ ಹಂಚಿಕೊಳ್ಳಬೇಡಿ, ಇಡೀ ಖಾತೆಯನ್ನೇ ವಹಿಸಿಕೊಳ್ಳಿ. ಲಸಿಕೆಯ ಖಾತೆ ನಿಮ್ಮದಾದರೆ ದಿನಾಂಕ ನೋಡುವುದು, ರಜೆ ಹಾಕುವುದು, ಕರೆದೊಯ್ಯುವುದು, ರಾತ್ರಿ ಜ್ವರ ಬಂದರೆ ಏಳುವುದು ಎಲ್ಲವೂ ನಿಮ್ಮದೇ.

ಪ್ರಶ್ನೆ: ಮಗು ಹುಟ್ಟಿದಾಗ ರಜೆ ಕೊಟ್ಟರೂ ತಂದೆಯರು ತೆಗೆದುಕೊಳ್ಳುವುದಿಲ್ಲ. ಕಾನೂನಿನಿಂದ ಸಂಸ್ಕೃತಿ ಬದಲಾದೀತೇ?

ಉತ್ತರ: ಕಾನೂನು ಬರೆದ ರೀತಿಯ ಮೇಲೆ ಹೋಗುತ್ತದೆ. ನಾರ್ವೆಯಲ್ಲಿ ತಂದೆ-ತಾಯಿ ಹಂಚಿಕೊಳ್ಳಬಹುದಾದ ರಜೆ ಇದ್ದಾಗ ತಂದೆಯರು ಅದನ್ನು ಮುಟ್ಟಿದ್ದೇ ಅಪರೂಪ. 1993ರಲ್ಲಿ ನಾಲ್ಕು ವಾರಗಳನ್ನು ತಂದೆಗೇ ಮೀಸಲಿಟ್ಟು, ಬಳಸದಿದ್ದರೆ ಹೋಯಿತು ಎಂದರು. ಕೆಲವೇ ವರ್ಷಗಳಲ್ಲಿ ಬಹುಪಾಲು ತಂದೆಯರು ತೆಗೆದುಕೊಳ್ಳತೊಡಗಿದರು. ಮೊದಲು ರಜೆ ಕೇಳುವವನು ಮೇಲಧಿಕಾರಿಗೆ ಕಾರಣ ಹೇಳಬೇಕಿತ್ತು. ಆಮೇಲೆ ಕೇಳದವನು ಮನೆಯಲ್ಲಿ ಕಾರಣ ಹೇಳಬೇಕಾಯಿತು. ಒಂದು ಎಚ್ಚರ: ರಜೆಯ ಸಂಬಳ ತೀರಾ ಕಡಿಮೆಯಿದ್ದರೆ, ಹೆಚ್ಚು ಗಳಿಸುವವರು ಮೀಸಲು ರಜೆಯನ್ನೂ ಬಿಡುತ್ತಾರೆ.

ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ ಅರ್ಧದಷ್ಟು ಹೆಂಗಸರೇ. ಇನ್ನೇನು ಬೇಕು?

ಉತ್ತರ: ಯಾವ ಹೆಂಗಸರು ಎಂದು ನೋಡಿ. 1976ರಲ್ಲಿ ಅಮೆರಿಕದ ನ್ಯಾಯಾಲಯವೊಂದು, ಕಾರು ಕಂಪನಿಯ ವಿರುದ್ಧ ಕಪ್ಪು ಮಹಿಳೆಯರು ತಂದ ತಾರತಮ್ಯದ ದೂರಿನಲ್ಲಿ, ಕಂಪನಿ ಹೆಂಗಸರನ್ನು ಸೇರಿಸಿಕೊಂಡಿದೆಯಲ್ಲ ಎಂದಿತು. ಆ ಹೆಂಗಸರು ಬಿಳಿಯರಾಗಿದ್ದರು. ‘ಹೆಂಗಸರು’ ಎಂಬ ಒಂದೇ ಲೆಕ್ಕದಲ್ಲಿ ಕಪ್ಪು ಮಹಿಳೆಯರು ಹೀಗೆ ಮರೆಯಾಗುವುದನ್ನೇ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಷಾ 1989ರಲ್ಲಿ ಎತ್ತಿ ತೋರಿಸಿದರು. ನಿಮ್ಮ ಪಟ್ಟಿಯನ್ನೂ ಹುದ್ದೆ, ಹಿನ್ನೆಲೆ, ಬಡ್ತಿಗೆ ಹಿಡಿದ ವರ್ಷಗಳಂತೆ ಒಡೆದು ನೋಡಿ. ಒಂದು ಗುಂಪಿನಲ್ಲಿ ನಾಲ್ಕೈದು ಜನರಷ್ಟೇ ಇದ್ದರೆ ಶೇಕಡಾವಾರು ಬೇಡ, ತಲೆ ಎಣಿಸಿ.