ಹೆಡ್‌ಮಾಸ್ಟರಿಗೆ ಹೇಳಿ ಸುಮ್ಮನಾದವಳ ಉತ್ತರ

ಪುಣೆಯ ನಿಮ್ಮ ಶಾಲೆಯ ಸಿಬ್ಬಂದಿಯೊಬ್ಬ ಮಗುವಿಗೆ ಲೈಂಗಿಕ ಕಿರುಕುಳ ಕೊಡುತ್ತಿದ್ದಾನೆ ಅಂತ ಅನುಮಾನ, ಸಾಕ್ಷಿ ಇಲ್ಲ, ಹೆಡ್‌ಮಾಸ್ಟರಿಗೆ ಹೇಳಿದ್ದೇನೆ, ಇನ್ನು ಕಾಯಲೇ ಅಂತ ಕೇಳಿದ್ದೀರಿ. ನಾನೂ ಹೀಗೇ ಕಾದವಳು.

2014. ಮುಂಬೈಯ ಒಂದು ಕನ್ನಡ ಶಾಲೆಯಲ್ಲಿ ಮೂರನೇ ತರಗತಿಯ ಟೀಚರ್ ಆಗಿದ್ದೆ. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗಳೊಬ್ಬಳಿದ್ದಳು. ಗಂಟಲು ಬಿಚ್ಚಿ ಪದ್ಯ ಹೇಳುತ್ತಿದ್ದವಳು ಮಳೆಗಾಲ ಮುಗಿಯುವಷ್ಟರಲ್ಲಿ ಮಾತೇ ಬಿಟ್ಟಳು. ಶಾಲೆಯ ಸಿಪಾಯಿಯೊಬ್ಬ ಎದುರಾದರೆ ಸಾಕು, ನನ್ನ ಸೆರಗು ಹಿಡಿದು ಹಿಂದೆ ನಿಲ್ಲುತ್ತಿದ್ದಳು. ಒಂದಿನ ಊಟದ ಹೊತ್ತಲ್ಲಿ ಡಬ್ಬಿ ತೆಗೆಯದೆ ಕೂತಿದ್ದಳು. ಕೇಳಿದೆ. "ಅವ್ರು ಕರದ್ರ ಹೋಗ್ಲೇಬೇಕೇನ್ರಿ ಟೀಚರ್?" ಅಂದಳು.

ಆಗಲೇ ಠಾಣೆಗೆ ಹೋಗಬೇಕಿತ್ತು. ಹೆಡ್‌ಮಾಸ್ಟರ ಕೋಣೆಗೆ ಹೋದೆ. ಬಾಯಲ್ಲಿ ಹೇಳಿದೆ, ಬರೆದೂ ಕೊಡಲಿಲ್ಲ. ದೊಡ್ಡವರು, ನೋಡಿಕೊಳ್ಳುತ್ತಾರೆ, ನನ್ನ ಕೆಲಸ ಮುಗೀತು ಅಂದುಕೊಂಡೆ. ಅವರು ಅವನನ್ನೂ ಮಗುವನ್ನೂ ಒಟ್ಟಿಗೆ ಕರೆಸಿ, "ಇವ್ರು ಏನಾದ್ರೂ ಮಾಡಿದ್ರಾ?" ಅಂತ ಕೇಳಿದರು. ಅವನೆದುರೇ! ಅವಳು ನೆಲ ನೋಡುತ್ತಾ ಇಲ್ಲ ಅಂತ ತಲೆಯಾಡಿಸಿದಳು. ವಿಚಾರಣೆ ಅಲ್ಲಿಗೆ ಮುಗಿಯಿತು. ನಾನು ಇನ್ನೂ ಎಂಟು ದಿನ ಕಾದೆ. ಒಂಬತ್ತನೇ ದಿನ ಅವಳ ಜಾಗ ಖಾಲಿ. ಮನೆಯವರು ಊರಿಗೆ ಹೊರಟುಹೋಗಿದ್ದರು. ಅವನು ಮಾತ್ರ ಗಂಟೆ ಹೊಡೆಯುತ್ತಾ ಅಲ್ಲೇ ಇದ್ದ. ಆ ಎಂಟು ದಿನಕ್ಕೆ ನಾನು ಹೆಡ್‌ಮಾಸ್ಟರನ್ನು ದೂರುವುದಿಲ್ಲ. ಅವು ನನ್ನ ದಿನಗಳು.

ಸಾಕ್ಷಿ ಹುಡುಕುವುದು ನಿಮ್ಮ ಕೆಲಸವೇ ಅಲ್ಲ. ಅಪರಾಧ ನಡೆದಿದೆ ಅಂತ ಗೊತ್ತಿದ್ದರೆ, ಇಲ್ಲವೇ ನಡೆಯಬಹುದು ಅನ್ನುವ ಆತಂಕ ಇದ್ದರೂ ಸಾಕು, ಪೊಲೀಸರಿಗೆ ತಿಳಿಸಲೇಬೇಕು ಅನ್ನುತ್ತದೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲು ಬಂದ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ. ಹೆಡ್‌ಮಾಸ್ಟರಿಗೆ ಹೇಳಿದರೆ ಅದು ತೀರುವುದಿಲ್ಲ. ತಿಳಿಸದವರಿಗೆ 6 ತಿಂಗಳವರೆಗೆ ಜೈಲಾಗಬಹುದು. ಕೈಕೆಳಗಿನವನ ವಿಷಯ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರಿಗೆ ಅದೇ ಕಲಂ ರಕ್ಷಣೆ ಕೊಡುತ್ತದೆ. ಪೊಲೀಸರನ್ನು ನೋಡಿ ಮಗು ಹೆದರುತ್ತದೆ ಅಂತ ನನಗೂ ಅನ್ನಿಸಿತ್ತು. ಆದರೆ ಹೇಳಿಕೆಯನ್ನು ಮಗುವಿನ ಮನೆಯಲ್ಲೇ ತೆಗೆದುಕೊಳ್ಳಬಹುದು, ಬರುವ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು.

ಮಗುವನ್ನು ಮತ್ತೆ ಮತ್ತೆ ಕೇಳಬೇಡಿ. ಅದು ಆಡಿದ ಮಾತನ್ನು ಹಾಗ್ಹಾಗೇ, ತಾರೀಖು ಹಾಕಿ ಬರೆದಿಡಿ. ಒಬ್ಬರೇ ಠಾಣೆಗೆ ಹೋಗಲು ಅಂಜಿಕೆಯಾದರೆ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ನಾಳೆ ಶಾಲೆಯ ಗಂಟೆ ಹೊಡೆಯುವ ಮೊದಲು, ದಯವಿಟ್ಟು.