ಯಶೋದೆಯ ಅಭಿನಯ ಬೇಡ ಎಂದವರು

ಅಷ್ಟಮಿ ಹತ್ತಿರ ಬಂತೆಂದರೆ ಉಡುಪಿಯಲ್ಲಿ ಶಾಲೆ, ಸಂಘ, ದೇವಸ್ಥಾನ ಎಲ್ಲೆಂದರಲ್ಲಿ ಮುದ್ದುಕೃಷ್ಣ ಸ್ಪರ್ಧೆ. ನವಿಲುಗರಿ ಸಿಕ್ಕಿಸಿಕೊಂಡ ಮಕ್ಕಳ ಫೋಟೋಗಳಿಂದ ವಾಟ್ಸಾಪ್ ತುಂಬಿಹೋಗುತ್ತದೆ. ಮಗುವಿಗಾಗಿ ಕಾಯುತ್ತಿರುವವರಿಗೆ ವರ್ಷದಲ್ಲಿ ಇದರಷ್ಟು ಕಷ್ಟದ ವಾರ ಇನ್ನೊಂದಿಲ್ಲ. ಸುಮನಾ ಆಪ್ತ ಸಲಹೆಗಾರ್ತಿಯಾದ ನನ್ನ ಬಳಿ ಬಂದದ್ದು ಅಂಥದೊಂದು ವಾರದಲ್ಲಿ. (ಹೆಸರು, ಉದ್ಯೋಗ, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಉಂಟು.)

ವಯಸ್ಸು 36, ಬ್ಯಾಂಕಿನಲ್ಲಿ ಕೆಲಸ, ಮದುವೆಯಾಗಿ ಒಂಬತ್ತು ವರ್ಷ. ಗಂಡನಿಗೆ ಮಂಗಳೂರಿನಲ್ಲಿ ಉದ್ಯೋಗ, ದಿನಾ ಬಸ್ಸಿನಲ್ಲಿ ಹೋಗಿಬರುತ್ತಾರೆ. ಎರಡು ಸಲ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಆಗಿತ್ತು, ಮೂರು ಸಲ ಗರ್ಭದಲ್ಲಿ ಭ್ರೂಣ ಇರಿಸಿದ್ದರು. ಪ್ರತಿ ಸಲವೂ ಸುಮಾರು ಎರಡು ವಾರ ಕಾದ ಮೇಲೆ ರಕ್ತಪರೀಕ್ಷೆಯಲ್ಲಿ ನೆಗೆಟಿವ್. ಮೂರನೆಯ ರಿಪೋರ್ಟ್ ಮೊಬೈಲಿಗೆ ಬಂದಾಗ ಕೌಂಟರಿನಲ್ಲಿ ಕೂತಿದ್ದರಂತೆ. ಸಂಜೆಯವರೆಗೆ ಕೆಲಸ ಮಾಡಿದರು. "ಅಳು ಬರ್ಲೇ ಇಲ್ಲ ಮೇಡಂ. ಹೆದರಿಕೆ ಆದದ್ದೇ ಅದಕ್ಕೆ" ಎಂದರು.

ಊಟ, ನಿದ್ದೆ ವಿಚಾರಿಸಿದ ಮೇಲೆ ನೇರವಾಗಿಯೇ ಕೇಳಿದೆ, ಸಾಯಬೇಕು ಅನ್ನಿಸುತ್ತದಾ ಎಂದು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಹಲವರಲ್ಲಿದೆ, ಅದು ಸುಳ್ಳು. ಅವರು, "ಬೆಳಿಗ್ಗೆ ಏಳದಿದ್ದರೆ ಒಳ್ಳೇದಿತ್ತು ಅಂತ ಕಾಣ್ತದೆ, ಬೇರೆಂತ ಮಾಡ್ಲಿಕ್ಕಿಲ್ಲ" ಎಂದರು. ಅದೇ ವಾರ ಮನೋವೈದ್ಯರಲ್ಲಿಗೆ ಕಳಿಸಿದೆ. ಮಾತ್ರೆ ಶುರುವಾಯಿತು, ಅದರ ಹೆಸರನ್ನು ಐವಿಎಫ್ ವೈದ್ಯರಿಗೂ ತಿಳಿಸಿದರು. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಗಂಡ ಹೆಂಡತಿ ಇಬ್ಬರ ಫೋನಿಗೂ ಹಾಕಿಸಿದೆ. ನೃತ್ಯ, ಹಾಡು, ಪೂರ್ವಿಕರು ಎಲ್ಲ ಆಮೇಲಿನ ಮಾತು.

ಫೈಲು ನೋಡಿದರೆ ಗಂಡನ ವೀರ್ಯಾಣುಗಳ ಸಂಖ್ಯೆಯೂ ಚಲನೆಯೂ ತೀರಾ ಕಡಿಮೆ. ಮನೆಯಲ್ಲಿ ಮಾತ್ರ ಎಲ್ಲರೂ ತಿಳಿದಿರುವುದು ಸೊಸೆಗೆ ಏನೋ ತೊಂದರೆ ಎಂದು. ಮಕ್ಕಳಾಗದ ಪ್ರಕರಣಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತದೆ. ಆದರೆ ನಾದಿನಿಯ ಸೀಮಂತದ ದಿನ "ನೀನು ಅಡುಗೆಮನೆ ಕಡೆ ನೋಡಿಕೋ" ಎನ್ನಿಸಿಕೊಂಡದ್ದು ಸುಮನಾ. ಗಂಡ ಪಕ್ಕದಲ್ಲೇ ನಿಂತಿದ್ದರು, ಮಾತಾಡಲಿಲ್ಲ.

ಮನೆಯವರು ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿದ್ದರು, ನಾಗದೋಷ ಕಂಡಿತ್ತು. ಕುಟುಂಬದ ಮೂಲದ ನಾಗಬನದಲ್ಲಿ ಆಶ್ಲೇಷಾ ಬಲಿ ಎಂಬ ನಾಗಪೂಜೆ, ಸುಬ್ರಹ್ಮಣ್ಯದಲ್ಲಿ ಸರ್ಪಸಂಸ್ಕಾರ ಎರಡೂ ಆದವು. ಈ ನೆಲದಲ್ಲಿ ಕೂತು ನಾಗನ ಬಗ್ಗೆ ನಾನು ವಾದ ಮಾಡುವುದಿಲ್ಲ, ಮಾಡಬೇಕಾದ ಅಗತ್ಯವೂ ಇಲ್ಲ. ಕೇಳಿದ್ದು ಇಷ್ಟೇ: ಸೇವೆ ಮುಗಿಸಿ ಬರುವಾಗ ಮನಸ್ಸು ಹಗುರವಾಗಿತ್ತೋ, ಇನ್ನಷ್ಟು ಭಾರವಾಗಿತ್ತೋ? ಬನದಲ್ಲಿ ಹಗುರವಾಗಿತ್ತಂತೆ. ತಿಂಗಳು ಕಳೆದು "ಇನ್ನೂ ಏನಾದರೂ ಬಾಕಿ ಉಂಟಾ ನೋಡಿಸುವ" ಎಂದು ಅತ್ತೆ ಹೇಳಿದಾಗ ಭಾರವಾಯಿತಂತೆ. ಹಾಗಾದರೆ ಇನ್ನು ಸಾಲ ಮಾಡಿ ಯಾವ ಸೇವೆಯೂ ಬೇಡ, ಬನಕ್ಕೆ ಹಾಲೆರೆಯಲು ಮನಸ್ಸಾದಾಗ ಹೋಗಿ ಬನ್ನಿ ಎಂದೆ. ಚಿಕಿತ್ಸೆಗೂ ಇದೇ ಮಾತು ಹೇಳಿದೆ: ಎಷ್ಟು ಹಣ, ಎಲ್ಲಿಯವರೆಗೆ ಎಂಬುದನ್ನು ಮುಂದಿನ ಸುತ್ತು ಶುರುವಾಗುವ ಮೊದಲೇ ಇಬ್ಬರೂ ಕೂತು ಬರೆದಿಡಬೇಕು.

ಸುಮನಾ ಭರತನಾಟ್ಯದಲ್ಲಿ ಸೀನಿಯರ್ ಪರೀಕ್ಷೆ ಮುಗಿಸಿ, ಅದರ ಮೇಲಿನ ವಿದ್ವತ್ ಅರ್ಧಕ್ಕೆ ಬಿಟ್ಟವರು. ನಾಲ್ಕನೆಯ ಭೇಟಿಯಲ್ಲಿ ಅದೂ ಹೇಗೋ ಮಾತಿನ ನಡುವೆ ಹೊರಬಿತ್ತು. ಹಳೆಯ ಗುರುಗಳು ಕರೆದಿದ್ದರಂತೆ, ಅಷ್ಟಮಿಗೆ ಯಶೋದೆಯ ಅಭಿನಯ ಮಾಡು, ಮಗುವನ್ನು ಆಡಿಸಿದರೆ ಮಗು ಬಂದೇ ಬರುತ್ತದೆ ಎಂದು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಖಾಲಿ ಕೈಯಲ್ಲಿ ತೊಟ್ಟಿಲು ತೂಗುವುದನ್ನು ನೆನೆದೇ ಇವರಿಗೆ ಉಸಿರು ಕಟ್ಟಿತ್ತು. ಬೇಡ ಎನ್ನಿ ಎಂದೆ. ಇಂಥ ಹಾರೈಕೆ ಕೇಳಿದಾಗ ನನಗೆ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಮನಸ್ಸಿನ ಒತ್ತಡದಿಂದಲೇ ಐವಿಎಫ್ ಸೋಲುತ್ತದೆ ಎನ್ನಲು ಗಟ್ಟಿ ಆಧಾರ ಇಲ್ಲ. ಕುಣಿದರೆ ಗರ್ಭ ನಿಲ್ಲುತ್ತದೆ ಎನ್ನಲು ಅದೂ ಇಲ್ಲ. ಹಾಗೆ ಹೇಳಿ ನೃತ್ಯವನ್ನೂ ಒಂದು ಹರಕೆ ಮಾಡಿಬಿಟ್ಟರೆ, ನಾಳೆ ಫಲ ಸಿಗದಿದ್ದಾಗ ಆ ಹೆಣ್ಣು ಗೆಜ್ಜೆಯನ್ನೂ ಕಳೆದುಕೊಳ್ಳುತ್ತಾಳೆ.

ಆದ್ದರಿಂದ ಕರಾರು ಹೀಗಾಯಿತು. ವಾರಕ್ಕೆರಡು ಸಂಜೆ ಗುರುಗಳ ಮನೆಯಲ್ಲಿ ಅಭ್ಯಾಸ, ಮಕ್ಕಳ ತರಗತಿ ಮುಗಿದ ಮೇಲೆ. ಅದು ಯಾವ ಫಲಕ್ಕೂ ಅಲ್ಲ. ಗುರುಗಳಿಗೆ ಈ ಮಾತನ್ನು ಸುಮನಾರೇ ಹೇಳಿದರು. ಒಂಬತ್ತು ವರ್ಷ ಸೂಜಿ, ಸ್ಕ್ಯಾನು, ಹಾರ್ಮೋನು ಎಂದು ಬೇರೆಯವರೇ ನೋಡಿ ಅಳೆದ ಮೈ ಅದು. ಮಂಡಿ ಅರ್ಧ ಬಗ್ಗಿಸಿ ಅರೆಮಂಡಿಯಲ್ಲಿ ಕೂತು, ಪಾದ ತಟ್ಟುವ ತಟ್ಟಡವು ಶುರು ಮಾಡಿದಾಗ ತೊಡೆ ಉರಿಯಿತು, ಮಾರನೆಯ ದಿನ ಮೆಟ್ಟಿಲು ಇಳಿಯಲು ಆಗಲಿಲ್ಲ. "ನೋವು ಉಂಟು ಮೇಡಂ, ಆದರೆ ಇದು ನಾನು ಮಾಡಿಕೊಂಡ ನೋವು" ಎಂದು ನಕ್ಕರು. ಅಂದೇ ಮೊದಲು ನಕ್ಕದ್ದು. ಅತ್ತದ್ದೂ ಅದೇ ವಾರ.

ಇದನ್ನು ಓದಿ ಗೆಜ್ಜೆ ಹುಡುಕುವವರಿಗೆ ಒಂದು ಎಚ್ಚರಿಕೆ. ಅಂಡಾಣು ಬೆಳೆಸುವ ಇಂಜೆಕ್ಷನ್ ನಡೆಯುವಾಗ ಅಂಡಾಶಯ ಊದಿಕೊಂಡಿರುತ್ತದೆ, ಜಿಗಿತದಿಂದ ತಿರುಚಿಕೊಳ್ಳುವ ಅಪಾಯ ಉಂಟು. ಆ ದಿನಗಳಲ್ಲಿ, ಅಂಡಾಣು ತೆಗೆದ ಮೇಲೂ ವೈದ್ಯರು ಸರಿ ಎನ್ನುವ ತನಕ, ಕುದಿತ್ತಮೆಟ್ಟಿನಂಥ ಜಿಗಿಯುವ ಅಡವು ಬೇಡವೇ ಬೇಡ, ಕೂತು ಮಾಡುವ ಅಭಿನಯ ಸಾಕು. ಹೊಟ್ಟೆ ಜೋರು ನೋವಾದರೆ ನೇರ ಆಸ್ಪತ್ರೆಗೆ. ಭ್ರೂಣ ಇರಿಸಿದ ಮೇಲೆ ಹದಿನೈದು ದಿನ ಮಲಗಿಯೇ ಇರಬೇಕು ಎಂಬ ಹಳೆಯ ನಂಬಿಕೆಯಿಂದ ಮಾತ್ರ ಏನೂ ಲಾಭವಿಲ್ಲ.

ಪೂರ್ವಿಕರ ವಿಷಯ ಬಂದದ್ದು ನಾನು ಕೊಟ್ಟ ಮನೆಗೆಲಸದಿಂದ. ತಾಯಿಯ ಕಡೆಯ ಹೆಂಗಸರ ಹೆಸರನ್ನು ನೆನಪಿರುವಷ್ಟು ಮೇಲಕ್ಕೆ ಬರೆದು, ಪ್ರತಿಯೊಬ್ಬರ ಕೈಯಿಂದ ಏನು ಕೆಲಸ ಆಯಿತೆಂದು ತಾಯಿಯನ್ನು ಕೇಳಿ ಬನ್ನಿ ಎಂದಿದ್ದೆ. ಇವರದು ಅಳಿಯಸಂತಾನದ ಮನೆ, ಅಂದರೆ ಮನೆತನವೂ ಬರಿಯೂ (ಗೋತ್ರದಂಥ ಕುಲದ ಹೆಸರು) ಬರುವುದು ತಾಯಿಯಿಂದ. ಹಾಗಿರುವಾಗ ಮಗಳಿಗೆ ಮಕ್ಕಳಿಲ್ಲ ಎಂದರೆ ಗಂಡನ ಮನೆಯ ಚುಚ್ಚುಮಾತು ಒಂದು ಕಡೆ, ತಾಯಿಯ ಕವಲು ನಿಂತುಹೋಯಿತು ಎಂಬ ದುಃಖ ಇನ್ನೊಂದು ಕಡೆ. ತಾಯಿ ಪೆಟ್ಟಿಗೆಯಿಂದ ಹಳೆಯ ವಿಭಾಗಪತ್ರ ತೆಗೆದು ತೋರಿಸಿದರಂತೆ. ಅಜ್ಜಿಯ ಅಕ್ಕ, ಮನೆಯವರ ಬಾಯಲ್ಲಿ ದೊಡ್ಡಜ್ಜಿ, ಅದರಲ್ಲಿ ನಿಸ್ಸಂತತಿ ಕವರು, ಅಂದರೆ ಸಂತತಿ ಮುಂದುವರಿಯದ ಕವಲು. 1949ರ ಅಳಿಯಸಂತಾನ ಕಾಯ್ದೆಯಲ್ಲಿ ಅಂಥ ಕವರಿಗೆ, ಕುಟುಂಬದ ಬೇರೆ ಕವಲಿನಲ್ಲಿ ಸಂತತಿ ಇದ್ದರೆ, ಆಸ್ತಿಯ ಮೇಲೆ ಜೀವಿತಾವಧಿಯ ಹಕ್ಕು ಮಾತ್ರ ಇತ್ತು. ದೊಡ್ಡಜ್ಜಿ ಬದುಕಿರುವಷ್ಟು ದಿನ ಗದ್ದೆ ಅವರದು, ಆಮೇಲೆ ಅಲ್ಲ.

ಆದರೆ ಸುಮನಾರ ತಾಯಿಗೆ ಜಡೆ ಹಾಕಿದ್ದು, ಕಾಳು ಹಾಕಿ ಆಡುವ ಚೆನ್ನೆಮಣೆ ಕಲಿಸಿದ್ದು, ನೇಜಿ (ಭತ್ತದ ಸಸಿ) ನೆಡುವಾಗ ಹಾಡುವ ಪಾಡ್ದನ ಎಂಬ ತುಳು ಕಥನಗೀತೆ ಕಲಿಸಿದ್ದು ಆ ದೊಡ್ಡಜ್ಜಿಯೇ. ತುಳುನಾಡಿನವರು ಆರಾಧಿಸುವ ಸಿರಿ ಎಂಬ ಹೆಣ್ಣಿನ ಕಥೆಯಲ್ಲಿ ಅವರು ಹೆಚ್ಚಾಗಿ ಹಾಡುತ್ತಿದ್ದದ್ದು ಸೊನ್ನೆಯ ಭಾಗವಂತೆ. ಸಿರಿಯ ಮಗಳು ಸೊನ್ನೆಗೆ ಬಹುಕಾಲ ಮಕ್ಕಳಿಲ್ಲ. ಬೆರ್ಮೆರ್ ದೈವಕ್ಕೆ ಹರಕೆ ಹೊತ್ತ ಮೇಲೆ ಅಬ್ಬಗ ದಾರಗ ಎಂಬ ಅವಳಿ ಹೆಣ್ಣುಮಕ್ಕಳು ಹುಟ್ಟುತ್ತಾರೆ. ಹರಕೆ ಮರೆತುಹೋಗುತ್ತದೆ, ಚೆನ್ನೆಯಾಟದ ಜಗಳದಲ್ಲಿ ಇಬ್ಬರೂ ಸಾಯುತ್ತಾರೆ. ಈ ಕಥೆ ಕೇಳಿ ಸುಮನಾ ಮೊದಲು ಬೆದರಿದರು: ತೀರಿಸದ ಹರಕೆ ನಮ್ಮದೂ ಉಂಟಲ್ಲ ಎಂದು. ಕಥೆಯಿಂದ ಹೆದರಿಕೆ ಹುಟ್ಟಬಹುದು ಎಂಬುದನ್ನು ಸಲಹೆಗಾರರು ಮರೆಯಬಾರದು. ಎರಡು ಭೇಟಿ ಅದಕ್ಕೇ ಹೋಯಿತು. ಕೊನೆಗೆ ಅವರು ಹಿಡಿದದ್ದು ಕಥೆಯ ಅಂತ್ಯವನ್ನಲ್ಲ, ಅದನ್ನು ಹಾಡುತ್ತಾ ಬಾಗಿ ನೇಜಿ ನೆಡುತ್ತಿದ್ದ ಹೆಂಗಸನ್ನು.

ಗುರುಗಳೊಂದಿಗೆ ಕೂತು ಪುಟ್ಟದೊಂದು ಅಭಿನಯ ಕಟ್ಟಿದರು. ದೊಡ್ಡಜ್ಜಿ ನೆಡುತ್ತಾಳೆ, ಹಾಡುತ್ತಾಳೆ, ಯಾರದೋ ಮಗುವಿನ ಜಡೆ ಹಾಕುತ್ತಾಳೆ. ಹಾಡಿಗೆ ತಾಯಿಯದೇ ಧ್ವನಿ. ನಂದಳಿಕೆ, ಹಿರಿಯಡ್ಕದ ಸಿರಿ ಜಾತ್ರೆಗಳಲ್ಲಿ ಹೆಂಗಸರು ಒಟ್ಟಾಗಿ ಆವೇಶದಲ್ಲಿ ಮಾತಾಡುವುದು ಆರಾಧನೆ, ಅದನ್ನು ವೇದಿಕೆಗೆ ತರಬಾರದು ಎಂದು ತಾಯಿ ಹೇಳಿದ್ದರು. ಹಾಗಾಗಿ ಗದ್ದೆಯ ಪಾಡ್ದನ ಮಾತ್ರ ಬಳಸಿದರು. ಇದು ಸರಿಯೆಂದು ನನಗೂ ಕಂಡಿತು. ಆಟಿ ತಿಂಗಳಲ್ಲಿ ತವರಿನಲ್ಲಿ ಕುಲೆಗಳಿಗೆ (ತೀರಿಹೋದ ಹಿರಿಯರಿಗೆ) ಬಡಿಸುವಾಗ ದೊಡ್ಡಜ್ಜಿಗೆಂದು ಒಂದು ಎಲೆ ಹೆಚ್ಚು ಹಾಕಿಸಿದ್ದೂ ಸುಮನಾರೇ.

ಗಂಡನೊಂದಿಗೆ ಬೇರೆಯಾಗಿ ಮಾತಾಡಿದ್ದೆ. ವೈದ್ಯಕೀಯ ವಿಷಯ ಅವರದು, ಯಾರಿಗೆ ಹೇಳಬೇಕೆಂಬುದೂ ಅವರಿಗೇ ಬಿಟ್ಟದ್ದು. ಆದರೆ ಹೆಂಡತಿಯ ಮೇಲೆ ಹೊರೆ ಬೀಳುವಾಗ ಸುಮ್ಮನಿದ್ದರೆ ಅದು ಸುಳ್ಳಿಗೆ ಸಮ ಎಂದೆ. "ತೊಂದರೆ ಇಬ್ಬರದೂ ಉಂಟು ಅಮ್ಮ, ಇನ್ನು ಅವಳನ್ನು ಕೇಳಬೇಡಿ" ಎಂಬ ಒಂದೇ ವಾಕ್ಯವನ್ನು ನನ್ನ ಕೋಣೆಯಲ್ಲೇ ಹಲವು ಸಲ ಹೇಳಿ ಅಭ್ಯಾಸ ಮಾಡಿದರು. ಮನೆಯಲ್ಲಿ ಹೇಳಲು ಮೂರು ತಿಂಗಳು ಹಿಡಿಯಿತು. ಅತ್ತೆ ಕೆಲವು ದಿನ ಮಾತು ಬಿಟ್ಟರು, ಈಗ ಪ್ರಶ್ನೆಯ ಸುದ್ದಿ ಎತ್ತುವುದಿಲ್ಲ.

ಸುಮನಾ ಗರ್ಭಿಣಿಯಾಗಿಲ್ಲ. ಮಾತ್ರೆಯನ್ನು ವೈದ್ಯರು ನಿಧಾನವಾಗಿ ಇಳಿಸುತ್ತಿದ್ದಾರೆ. ಶೈತ್ಯಾಗಾರದಲ್ಲಿ ಒಂದು ಭ್ರೂಣ ಉಳಿದಿದೆ. ಐವಿಎಫ್‌ನಂಥ ಚಿಕಿತ್ಸೆಗಳಿಗೆ ಸಂಬಂಧಿಸಿದ 2021ರ ಕಾಯ್ದೆಯಂತೆ ಹತ್ತು ವರ್ಷದವರೆಗೆ ಇಡಬಹುದು, ವರ್ಷ ವರ್ಷ ಶುಲ್ಕ ಕಟ್ಟಬೇಕು. ಈ ಸಲದ ಶುಲ್ಕ ಕಟ್ಟಿದ್ದಾರೆ. ಯಾವಾಗ ಇರಿಸುವುದು, ಇರಿಸುವುದೋ ಬೇಡವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅದಕ್ಕಾಗಿ ತಿಂಗಳಿಗೊಮ್ಮೆ ಇಬ್ಬರೂ ಒಟ್ಟಿಗೇ ಬರುತ್ತಾರೆ.